ಅಳಿವೆ ದಾಟುವ ವಿದ್ಯೆ: ನೌಕಾ ಕಮಾಂಡೊಗಳು ಹುಟ್ಟಿದ್ದು ಹೇಗೆ, ಅವರ ಕೆಲಸ ನಡೆಯುವುದು ಹೇಗೆ

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವಲ್ಲಿರುವ ಮರಳದಿಬ್ಬ ಒಂದೇ ಕಡೆ ನಿಲ್ಲುವ ಜಾತಿಯದಲ್ಲ. ಮಳೆಗಾಲ ಮುಗಿದು ಬೋಟು ಇಳಿಸುವ ಹೊತ್ತಿಗೆ ಹೋದ ವರ್ಷದ ದಾರಿ ಹೂಳು ತುಂಬಿ ಮುಚ್ಚಿರುತ್ತದೆ, ಇನ್ನೊಂದು ಕಡೆ ಹೊಸ ದಾರಿ ತೆರೆದಿರುತ್ತದೆ. ಕಾಸರಕೋಡಿನ ತಾಂಡೇಲರು ಭರತ ಎಷ್ಟಾಗಿದೆ, ಅಲೆ ಎಲ್ಲಿ ಒಡೆಯುತ್ತಿದೆ, ನೀರಿನ ಬಣ್ಣ ಎಲ್ಲಿ ಮಾಸಿದೆ ಎಂದು ನೋಡಿಕೊಂಡು ಬೋಟಿನ ಮೂತಿ ತಿರುಗಿಸುತ್ತಾರೆ. ಲೆಕ್ಕ ತಪ್ಪಿದರೆ ಬೋಟು ಮರಳಿಗೆ ಕೂರುತ್ತದೆ. ಹಿಂದಿನಿಂದ ಬರುವ ಅಲೆ ಅದನ್ನು ಮಗುಚಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಕುಮಟಾದ ತದಡಿಯಲ್ಲೂ ಭಟ್ಕಳದ ಅಳ್ವೆಕೋಡಿ, ತೆಂಗಿನಗುಂಡಿಗಳಲ್ಲೂ ಹೀಗೇ. ಸಾವಿರಾರು ಮೈಲು ದಾಟಿ ಬರುವ ಯುದ್ಧನೌಕೆಯ ನಕ್ಷೆ, ರಾಡಾರು, ಫಿರಂಗಿ ಎಲ್ಲವೂ ಈ ಕೊನೆಯ ಅರ್ಧ ಮೈಲಿನ ಎದುರು ಕೈಚೆಲ್ಲುತ್ತವೆ. ನೌಕಾಪಡೆಗಳ ವಿಶೇಷ ಪಡೆಗಳು ಹುಟ್ಟಿದ್ದು ಈ ಅರ್ಧ ಮೈಲಿಗಾಗಿ. ಬಂದೂಕು, ಪ್ಯಾರಾಚೂಟು, ಸಿನಿಮಾದವರಿಗೆ ಇಷ್ಟವಾದ ಕಪ್ಪು ಮುಖವಾಡ ಎಲ್ಲ ಆಮೇಲೆ ಬಂದವು.

ಈ ಅಳಿವೆಯ ಬೆಲೆ ಏನೆಂದು ನಮ್ಮ ಊರಿನವನೊಬ್ಬ ಐನೂರು ವರ್ಷದ ಹಿಂದೆಯೇ ತೋರಿಸಿದ್ದ. ಪೋರ್ಚುಗೀಸರ ದಾಖಲೆಗಳು ತಿಮೋಜ ಎಂದು ಕರೆಯುವ ಹೊನ್ನಾವರದ ನೌಕಾ ನಾಯಕ, ವಿಜಯನಗರದ ಕಡೆಯವನಾಗಿ ಬಿಜಾಪುರದ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದವನು. 1510ರ ಫೆಬ್ರುವರಿಯಲ್ಲಿ ಅಲ್ಬುಕರ್ಕ್‌ನ ಪಡೆ ಬೇರೆಲ್ಲೋ ಹೊರಟಿದ್ದಾಗ, ಗೋವಾದ ಕಾವಲು ಈಗ ಸಡಿಲವಾಗಿದೆ, ಅತ್ತ ತಿರುಗು ಎಂದು ಹೇಳಿದವನು ಇವನೇ. ಇವನ ಜನ ಕಾಳಿ ನದಿಯ ಬಾಯಲ್ಲಿದ್ದ ಚಿತ್ತಾಕುಲದ ಕೋಟೆಯನ್ನು ಹಿಡಿದರು; ಅತ್ತ ಮಾಂಡೋವಿಯಲ್ಲಿ ದೊಡ್ಡ ಹಡಗು ನುಗ್ಗುವ ಮೊದಲು ಸಣ್ಣ ದೋಣಿಗಳನ್ನು ಕಳಿಸಿ ನೀರಿನ ಆಳ ಅಳೆಸಲಾಯಿತು. ತಿಮೋಜನ ರಾಜಕೀಯದ ಬಗ್ಗೆ ಯಾರು ಏನೇ ಹೇಳಲಿ, ಅವನು ಮಾಡಿದ ಕೆಲಸದ ಪಟ್ಟಿ ಇಂದಿನ ನೌಕಾ ಕಮಾಂಡೊಗಳದೂ ಹೌದು: ಮೊದಲೇ ಹೋಗಿ ನೋಡು, ಕಾವಲು ಎಲ್ಲಿ ತೆಳುವಾಗಿದೆ ತಿಳಿ, ಆಳ ಅಳೆ, ಪಕ್ಕದಿಂದ ಹೊಡೆ.

ಇದು ತಾಂಡೇಲರ, ಕಡಲುಗಳ್ಳರ ಕಸುಬಾಗಿ ಉಳಿಯದೆ ಸೈನ್ಯದ ಶಾಸ್ತ್ರವಾದದ್ದು ಎರಡನೆಯ ಮಹಾಯುದ್ಧದಲ್ಲಿ. 1943ರ ನವೆಂಬರ್ 20ರಂದು ಅಮೆರಿಕದ ಪಡೆ ಪೆಸಿಫಿಕ್ ಸಾಗರದ ತರಾವಾ ಹವಳದ್ವೀಪಕ್ಕೆ ಇಳಿಯಿತು. ದ್ವೀಪದ ಸುತ್ತ ಹವಳದ ದಂಡೆ. ಅದರ ಮೇಲೆ ನಾಲ್ಕಡಿ ನೀರಿದ್ದರೆ ಇಳಿಯುವ ದೋಣಿಗಳು ದಾಟುತ್ತವೆ ಎಂಬ ಲೆಕ್ಕ ಇತ್ತು. ಅಂದು ಚಂದ್ರ ಕ್ಷೀಣಿಸಿ ಅರ್ಧವಾಗಿದ್ದ, ಅಂದರೆ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು. ಅಷ್ಟಮಿ ನವಮಿಗೆ ಭರತ ಏರುವುದೇ ಕಡಿಮೆ ಎಂದು ಮಂಕಿಯ ಯಾವ ಮೀನುಗಾರರನ್ನು ಕೇಳಿದರೂ ಹೇಳಿಯಾರು. ನೀರು ಏರಲಿಲ್ಲ, ದೋಣಿಗಳು ದಂಡೆಗೆ ಸಿಕ್ಕಿಬಿದ್ದವು, ಸೈನಿಕರು ನೂರಾರು ಮೀಟರ್ ಎದೆಮಟ್ಟದ ನೀರಿನಲ್ಲಿ ಮಷಿನ್‌ಗನ್ನಿಗೆ ಎದೆಯೊಡ್ಡಿ ನಡೆಯಬೇಕಾಯಿತು. ಮೂರು ದಿನದಲ್ಲಿ ಸುಮಾರು ಸಾವಿರ ಅಮೆರಿಕನ್ನರು ಸತ್ತರು. ಅದಾದ ಮೇಲೆ ಯಾವ ದ್ವೀಪಕ್ಕೆ ಇಳಿಯುವುದಕ್ಕೂ ಮೊದಲು ಈಜುಗಾರರ ತಂಡ ಹೋಗತೊಡಗಿತು. ಗಂಟು ಹಾಕಿದ ಮೀನಿನ ದಾರ, ಸೀಸದ ಗುಂಡು, ನೀರಿನಲ್ಲಿ ಬರೆಯಲು ಒಂದು ಹಲಗೆ, ಚಡ್ಡಿ, ಚೂರಿ: ಅವರ ಸಲಕರಣೆ ಇಷ್ಟೇ. ದಾರ ಬಿಟ್ಟು ಆಳ ಅಳೆದು, ಬಂಡೆ ಎಲ್ಲಿ, ಶತ್ರು ನೆಟ್ಟ ಕಂಬ ಎಲ್ಲಿ ಎಂದು ಗುರುತು ಹಾಕಿ, ಬೇಕಾದರೆ ಸಿಡಿಮದ್ದಿಟ್ಟು ದಾರಿ ಮಾಡುವುದು. ಈ ತಂಡಗಳ ಸಂತತಿಯೇ 1962ರ ಜನವರಿಯಲ್ಲಿ ಹುಟ್ಟಿದ ಅಮೆರಿಕದ ಸೀಲ್ ಪಡೆ.

ಬ್ರಿಟಿಷರು ಇದಕ್ಕೂ ಮೊದಲೇ ಎಚ್ಚೆತ್ತಿದ್ದರು. 1941ರಲ್ಲಿ ಕ್ಲಾಗ್‌ಸ್ಟನ್ ವಿಲ್ಮಾಟ್ ಎಂಬ ನೌಕಾಧಿಕಾರಿ ಮತ್ತು ರೋಜರ್ ಕೋರ್ಟ್ನಿ ಎಂಬ ಸೈನ್ಯಾಧಿಕಾರಿ ಮಡಚುವ ದೋಣಿಯಲ್ಲಿ ರಾತ್ರಿ ರೋಡ್ಸ್ ದ್ವೀಪದ ತೀರಕ್ಕೆ ಹೋಗಿ ಈಜಿ ಅಳತೆ ಮಾಡಿ ಬಂದರು. 1944ರ ಹೊಸ ವರ್ಷದ ಹಿಂದಿನ ರಾತ್ರಿ, ಜರ್ಮನರು ಹಬ್ಬದ ಗುಂಗಿನಲ್ಲಿರುವಾಗ, ಅದೇ ಪರಂಪರೆಯ ಇಬ್ಬರು ನಾರ್ಮಂಡಿಯ ಬೇಲೆಗೆ ಈಜಿ ಹೋಗಿ ಕೊಳವೆಗಳಲ್ಲಿ ಮರಳು ತುಂಬಿ ತಂದರು. ಮೇಲಿನ ಮರಳಿನಡಿ ಮೆತ್ತನೆಯ ಕೆಸರಿದ್ದರೆ ಟ್ಯಾಂಕುಗಳು ಹೂತುಹೋಗುತ್ತವಲ್ಲ, ಅದನ್ನು ತಿಳಿಯಬೇಕಿತ್ತು. ಅಘನಾಶಿನಿಯ ಗಜನಿಯಲ್ಲಿ ಬಳಚು ಹೆಕ್ಕುವ ಹೆಂಗಸರು ಕಾಲಿಟ್ಟ ಕೂಡಲೇ ತಿಳಿಯುವ ವಿಷಯ ಅದು. ಇಟಲಿಯವರ ದಾರಿ ಬೇರೆ. ಅವರು ನೀರಿನಡಿ ಸವಾರಿ ಮಾಡುವ ಟಾರ್ಪಿಡೊದಂಥ ವಾಹನದ ಮೇಲೆ ಕೂತು 1941ರ ಡಿಸೆಂಬರ್ 19ರಂದು ಅಲೆಕ್ಸಾಂಡ್ರಿಯ ಬಂದರಿಗೆ ನುಸುಳಿ, ಆರೇ ಜನ ಸೇರಿ ಬ್ರಿಟನ್ನಿನ ಎರಡು ಬೃಹತ್ ಯುದ್ಧನೌಕೆಗಳನ್ನು ನಿಂತಲ್ಲೇ ತಳ ಕಾಣಿಸಿದರು. ವಿಶೇಷ ಪಡೆಯ ಮೇಲೆ ಸರ್ಕಾರಗಳು ದುಡ್ಡು ಸುರಿಯುವುದೇಕೆ ಎಂದು ಕೇಳುವವರಿಗೆ ಈ ಒಂದು ಲೆಕ್ಕ ಸಾಕು.

ನಮ್ಮ ಕರಾವಳಿಗೆ ಹತ್ತಿರದ ಕಥೆ ಇದಕ್ಕಿಂತ ತಮಾಷೆಯದು. ತಟಸ್ಥವಾಗಿದ್ದ ಪೋರ್ಚುಗೀಸ್ ಗೋವಾದ ಮರ್ಮಗೋವಾ ಬಂದರಿನಲ್ಲಿ ಜರ್ಮನಿಯ ಎಹ್ರೆನ್‌ಫೆಲ್ಸ್ ಹಡಗು ಲಂಗರು ಹಾಕಿಕೊಂಡು, ಬ್ರಿಟಿಷರ ಹಡಗುಗಳ ಸುಳಿವನ್ನು ಗುಟ್ಟಿನ ರೇಡಿಯೊದಲ್ಲಿ ಕಳಿಸುತ್ತಿತ್ತು. ಅದನ್ನು ಮುಗಿಸಲು ಹೋದವರು ಕಲ್ಕತ್ತೆಯ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ದಳದ ನಡುವಯಸ್ಸಿನ ಕಂಪನಿ ನೌಕರರು, ವ್ಯಾಪಾರಸ್ಥರು. ‘ಫೀಬಿ’ ಎಂಬ ಹಳೆಯ ಬಾರ್ಜು ಕಲ್ಕತ್ತೆಯಿಂದ ಸಿಂಹಳ ಸುತ್ತಿ ಕೊಚ್ಚಿಗೆ ಬಂತು, ಜನ ರೈಲಿನಲ್ಲಿ ಬಂದು ಸೇರಿಕೊಂಡರು. ಅಲ್ಲಿಂದ ಗೋವಾಕ್ಕೆ ಹೋಗಬೇಕಾದರೆ ಭಟ್ಕಳ, ಹೊನ್ನಾವರ, ಕುಮಟಾಗಳ ಎದುರಿನ ಸಮುದ್ರವೇ ದಾರಿ. 1943ರ ಮಾರ್ಚ್ 9ರ ರಾತ್ರಿ ಅವರು ಹಡಗು ಹತ್ತಿದರು. ಜರ್ಮನರು ತಾವೇ ಹಡಗನ್ನು ಮುಳುಗಿಸಿಕೊಂಡರು, ಅದನ್ನು ಕಂಡು ಬಂದರಿನಲ್ಲಿದ್ದ ಅವರ ಜೊತೆಗಾರ ಹಡಗುಗಳೂ ಹಾಗೇ ಮಾಡಿದವು. ವಿಷಯ ಹೊರಬಿದ್ದದ್ದು ಮೂವತ್ತೈದು ವರ್ಷಗಳ ನಂತರ.

ಸ್ವತಂತ್ರ ಭಾರತಕ್ಕೆ ಪಾಠ ಸಿಕ್ಕಿದ್ದು ಕಾರವಾರದಲ್ಲೇ. ಬಿಣಗಾ ತೀರದಿಂದ ಕಣ್ಣಿಗೆ ಕಾಣುವ ಅಂಜದೀವ್ ದ್ವೀಪ ಆಗ ಪೋರ್ಚುಗೀಸರದು. 1961ರ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು, ಮುಂದೆ ಕೆಲವೇ ದಿನದಲ್ಲಿ ಮೀನುಗಾರರೊಬ್ಬರು ಗುಂಡಿಗೆ ಬಲಿಯಾದರು. ಡಿಸೆಂಬರ್ 18ರ ಬೆಳಿಗ್ಗೆ ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರು ದ್ವೀಪದ ಎದುರು ನಿಂತವು. ಇಳಿಯಬೇಕಾದವರು ಹಡಗಿನ ಸಾಮಾನ್ಯ ನಾವಿಕರು. ಇಂಜಿನ್ ಕೋಣೆ, ಫಿರಂಗಿ, ಸಿಗ್ನಲ್ಲು ನೋಡಿಕೊಳ್ಳುತ್ತಿದ್ದವರ ಕೈಗೆ ರೈಫಲ್ ಕೊಟ್ಟು ದೋಣಿ ಹತ್ತಿಸಿದ್ದು. ಮೊದಲ ತಂಡ ತೊಂದರೆಯಿಲ್ಲದೆ ದಡ ಮುಟ್ಟಿತು. ಎರಡನೆಯ ತಂಡ ದಡದತ್ತ ಬರುವಾಗ ಮಷಿನ್‌ಗನ್ನುಗಳು ಬಾಯಿ ಬಿಟ್ಟವು. ದ್ವೀಪವೇನೋ ಕೈವಶವಾಯಿತು, ಆದರೆ ಏಳು ಜನ ನೌಕಾಪಡೆಯವರು ಸತ್ತರು, ಇನ್ನೂ ಹಲವರು ಗಾಯಗೊಂಡರು. ಗೋವಾ ವಿಮೋಚನೆಯ ಮಾತು ಬಂದಾಗ ಈ ಏಳು ಜನರನ್ನು ನಮ್ಮ ಜಿಲ್ಲೆಯಲ್ಲೇ ಯಾರೂ ನೆನೆಯುವುದಿಲ್ಲ ಎನ್ನುವುದು ನನ್ನ ತಕರಾರು. ಸಮುದ್ರದಿಂದ ದಡಕ್ಕೆ ದಾಳಿ ಇಡುವುದು ಬೇರೆಯೇ ಕಸುಬು, ಅದಕ್ಕೆ ಬೇರೆಯೇ ಜನ ಬೇಕು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಇಲ್ಲ. ಅದೇ ಅಂಜದೀವ್ ಇಂದು ಅಲೆತಡೆ ಗೋಡೆಯ ಮೂಲಕ ದಡಕ್ಕೆ ಸೇರಿಕೊಂಡು ಐಎನ್‌ಎಸ್ ಕದಂಬ ನೌಕಾನೆಲೆಯ ಭಾಗವಾಗಿದೆ.

ಹತ್ತು ವರ್ಷದ ನಂತರ ನಮ್ಮ ನೌಕಾಪಡೆ ಈ ಕಸುಬನ್ನು ಕಲಿತಿತ್ತು, ಕಲಿಸುವಷ್ಟು ಕಲಿತಿತ್ತು. 1971ರಲ್ಲಿ ಪ್ಲಾಸಿಯ ಬಳಿ ಭಾಗೀರಥಿ ದಡದಲ್ಲಿ ಗುಟ್ಟಿನ ಶಿಬಿರ ಹಾಕಿ, ಕಮಾಂಡರ್ ಎಂ.ಎನ್. ಸಾಮಂತ್ ಮತ್ತವರ ತಂಡ ಪೂರ್ವ ಬಂಗಾಳದ ನೂರಾರು ಹುಡುಗರಿಗೆ ಎದೆಗೆ ಇಟ್ಟಿಗೆ ಕಟ್ಟಿಸಿ ಈಜು ಕಲಿಸಿತು. ಇಟ್ಟಿಗೆಯ ಜಾಗಕ್ಕೆ ಮುಂದೆ ಬಂದದ್ದು ಲಿಂಪೆಟ್ ಮೈನು. ಅಯಸ್ಕಾಂತವಿರುವ ಈ ಸ್ಫೋಟಕ, ಬಂಡೆಗೆ ನೀಲಿಕಲ್ಲು ಕಚ್ಚಿಕೊಂಡ ಹಾಗೆ ಹಡಗಿನ ಹೊಟ್ಟೆಗೆ ಕಚ್ಚಿಕೊಳ್ಳುತ್ತದೆ. ಆದರೆ ಹಡಗಿನ ತಳದಲ್ಲಿ ಪಾಚಿ, ಚಿಪ್ಪು ಬೆಳೆದಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. ಅದಕ್ಕೇ ಪ್ರತಿಯೊಬ್ಬನ ಸೊಂಟದಲ್ಲಿ ಚೂರಿ, ಕೆರೆದು ಕಬ್ಬಿಣ ಕಾಣಿಸುವುದಕ್ಕೆ. ಬೋಟಿನ ತಳ ಕೆರೆಯುವ ಕೆಲಸ ಎಷ್ಟು ಬೇಸರದ್ದೆಂದು ತೆಂಗಿನಗುಂಡಿಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಕತ್ತಲಲ್ಲಿ, ನೀರಿನಡಿ, ಮೇಲೆ ಕಾವಲುಗಾರ ಓಡಾಡುವಾಗ, ಸದ್ದಿಲ್ಲದೆ ಮಾಡಬೇಕು. ಆಕಾಶವಾಣಿ ಕಲ್ಕತ್ತೆಯಲ್ಲಿ ಒಂದು ಬಂಗಾಳಿ ಹಾಡು ಬಂದರೆ ತಯಾರಾಗಿ ಎಂದರ್ಥ, ಇನ್ನೊಂದು ಬಂದರೆ ಹೊಡೆಯಿರಿ ಎಂದರ್ಥ. ಆಗಸ್ಟ್ 15ರ ನಡುರಾತ್ರಿ ದಾಟುತ್ತಿದ್ದ ಹಾಗೆ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ನಾಲ್ಕೂ ಬಂದರುಗಳಲ್ಲಿ ಹಡಗುಗಳು ಸಿಡಿದವು. ಸಾಮಂತ್ ಅವರಿಗೆ ಮಹಾವೀರ ಚಕ್ರ ಬಂತು.

ಇಷ್ಟಾದರೂ ನೌಕಾಪಡೆಗೆ ತನ್ನದೇ ಕಾಯಂ ವಿಶೇಷ ಪಡೆ ಇರಲಿಲ್ಲ. ಅದು ಬಂದದ್ದು 1987ರ ಫೆಬ್ರುವರಿಯಲ್ಲಿ, ಮುಂಬೈಯ ಐಎನ್‌ಎಸ್ ಅಭಿಮನ್ಯುವಿನಲ್ಲಿ. ಮೊದಲ ಅಧಿಕಾರಿಗಳು ಅಮೆರಿಕದ ಸೀಲ್ ಪಡೆಯಲ್ಲಿ ಪಳಗಿ ಬಂದರು, ಬ್ರಿಟನ್ನಿನ ಪಡೆಯಿಂದಲೂ ಕಲಿತರು. 1991ರಲ್ಲಿ ಅದಕ್ಕೆ ಮೆರೈನ್ ಕಮಾಂಡೊ ಪಡೆ ಎಂದು ಹೆಸರಾಯಿತು. ಮಾರ್ಕೋಸ್ ಎಂದು ನಾವು ಪತ್ರಿಕೆಯಲ್ಲಿ ಓದುವುದು ಇದನ್ನೇ. ಹುಟ್ಟಿದ ಎಂಟೇ ತಿಂಗಳಿಗೆ, 1987ರ ಅಕ್ಟೋಬರ್ 21ರ ರಾತ್ರಿ, ಲೆಫ್ಟಿನೆಂಟ್ ಅರವಿಂದ್ ಸಿಂಗ್ ಅವರ ತಂಡ ಸ್ಫೋಟಕ ಹೊತ್ತ ಮರದ ತೆಪ್ಪಗಳನ್ನು ಎಳೆದುಕೊಂಡು ಜಾಫ್ನಾದ ಗುರುನಗರ ಜೆಟ್ಟಿಗೆ ಈಜಿತು. ಎಲ್‌ಟಿಟಿಇಯ ವೇಗದ ದೋಣಿಗಳನ್ನೂ ಜೆಟ್ಟಿಯನ್ನೂ ಒಡೆದು, ಗುಂಡಿನ ಮಳೆಯ ನಡುವೆಯೇ ಎಲ್ಲರೂ ಜೀವಂತ ಮರಳಿದರು. ಈಜಿದ್ದು ಸುಮಾರು 12 ಕಿಲೋಮೀಟರ್. ಮಾಲ್ಡೀವ್ಸ್ 1988, ಕಾಶ್ಮೀರದ ವುಲರ್ ಸರೋವರದಲ್ಲಿ 1995ರಿಂದ ಕಾವಲು, ಮುಂಬೈಯ ತಾಜ್ 2008 ಇವೆಲ್ಲ ಆಮೇಲಿನ ಕಥೆ.

ನೀರಿನಡಿ ಉಸಿರಾಡುವುದು ಹೇಗೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾಕ್ಕೆ ಹೋದವರಿಗೆ ಬೆನ್ನ ಮೇಲಿನ ಸಿಲಿಂಡರ್ ಗೊತ್ತು. ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಎಳೆದುಕೊಂಡ ಉಸಿರು ಹೊರಗೆ ಹೋಗುವಾಗ ಗುಳ್ಳೆಗಳ ಸಾಲೊಂದು ಮೇಲಕ್ಕೇರುತ್ತದೆ. ಪ್ರವಾಸಿಗರಿಗೆ ಆ ಗುಳ್ಳೆ ಫೋಟೊಕ್ಕೆ ಚಂದ. ಬಂದರಿಗೆ ನುಸುಳುವವನಿಗೆ ಅದು ತನ್ನ ವಿಳಾಸ ತಾನೇ ಬರೆದುಕೊಟ್ಟಂತೆ. ಅದಕ್ಕೇ ಕಮಾಂಡೊಗಳು ರಿಬ್ರೀದರ್ ಬಳಸುತ್ತಾರೆ. ನಾವು ಎಳೆದುಕೊಂಡ ಆಮ್ಲಜನಕದಲ್ಲಿ ದೇಹ ಬಳಸುವುದು ಸ್ವಲ್ಪವೇ, ಉಳಿದದ್ದು ಹಾಗೇ ಹೊರಬರುತ್ತದೆ. ರಿಬ್ರೀದರ್ ಆ ಉಸಿರನ್ನು ಹೊರಗೆ ಬಿಡದೆ, ಸೋಡಾ ಲೈಮ್ ಹರಳು ತುಂಬಿದ ಡಬ್ಬದ ಮೂಲಕ ಹಾಯಿಸುತ್ತದೆ. ಹರಳು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಎದೆಯ ಮೇಲಿನ ಸಣ್ಣ ಸಿಲಿಂಡರ್ ಖರ್ಚಾದಷ್ಟು ಆಮ್ಲಜನಕ ಸೇರಿಸುತ್ತದೆ, ಅದೇ ಉಸಿರು ಮತ್ತೆ ಬಾಯಿಗೆ ಬರುತ್ತದೆ. ಗುಳ್ಳೆ ಇಲ್ಲ, ಸದ್ದು ಇಲ್ಲ, ಸಣ್ಣ ಸಿಲಿಂಡರಿನಲ್ಲೇ ಗಂಟೆಗಟ್ಟಲೆ ಇರಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಒತ್ತಡ ಏರಿದರೆ ಶುದ್ಧ ಆಮ್ಲಜನಕವೇ ನರಗಳಿಗೆ ವಿಷ. ಆರೇಳು ಮೀಟರಿಗಿಂತ ಕೆಳಗೆ ಹೆಚ್ಚು ಹೊತ್ತು ಇದ್ದರೆ ಮುನ್ಸೂಚನೆಯಿಲ್ಲದೆ ಫಿಟ್ಸ್ ಬರಬಹುದು, ನೀರಿನಡಿ ಫಿಟ್ಸ್ ಎಂದರೆ ಸಾವೇ. ಹರಳಿನ ಡಬ್ಬಕ್ಕೆ ನೀರು ನುಗ್ಗಿದರೆ ಸುಡುವ ಕ್ಷಾರ ಬಾಯಿಗೆ ಬರುತ್ತದೆ. ಹಾಗಾಗಿ ಕಮಾಂಡೊ ಮುಳುಗುವುದು ಆಳಕ್ಕಲ್ಲ. ಎರಡಾಳು ನೀರಿನಲ್ಲಿ, ದಿಕ್ಸೂಚಿ ಹಿಡಿದು, ಜೊತೆಗಾರನಿಗೆ ಹಗ್ಗ ಕಟ್ಟಿಕೊಂಡು, ಕಾಲಿನ ಒದೆತ ಎಣಿಸುತ್ತ ದೂರ ಅಳೆಯುವುದು ಅವರ ಪದ್ಧತಿ. ಸೆಳೆತ ಪಕ್ಕದಿಂದ ಬಂದರೆ ಎಣಿಕೆ ತಪ್ಪುತ್ತದೆ. ಮತ್ತೆ ಅದೇ ಭರತ, ಇಳಿತ, ಅಳಿವೆ.

ಆಳದ ಕೆಲಸಕ್ಕೆ ನೌಕಾಪಡೆಯಲ್ಲಿ ಬೇರೆ ಮುಳುಗುಗಾರರಿದ್ದಾರೆ. ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾಯಿತಲ್ಲ, ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ಮಾಳ್ವಣದ ಎದುರು ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷ ಗುರುತಿಸಿದ್ದು ಐಎನ್‌ಎಸ್ ನಿರೀಕ್ಷಕ್ ಎಂಬ ಮುಳುಗು ನೆರವಿನ ಹಡಗಿನವರು. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಾಗಲೂ ನೌಕಾಪಡೆಯ ಮುಳುಗುಗಾರರು ಬಂದರು. ಆದರೆ ಮಳೆಗಾಲದ ಗಂಗಾವಳಿಯ ಸೆಳೆತ ಅವರ ಮಿತಿಗಿಂತ ಎಷ್ಟೋ ಹೆಚ್ಚಿತ್ತು, ಕೆಸರು ನೀರಿನಲ್ಲಿ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಹೊಳೆ ಇಳಿದು, ಗೋವಾದಿಂದ ಡ್ರೆಜರ್ ಬಂದ ಮೇಲೆ, ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು. ನೌಕಾಪಡೆಯವರಿದ್ದೂ ಯಾಕೆ ಆಗಲಿಲ್ಲ ಎಂದು ಆಗ ಟಿವಿಯಲ್ಲಿ ಕೂಗಾಡಿದವರಿಗೆ ತುಂಬಿದ ಹೊಳೆ ಗೊತ್ತಿರಲಿಲ್ಲ.

ಮತ್ತೆ ಕಮಾಂಡೊಗಳಿಗೆ ಬಂದರೆ, ಈಗ ಅವರ ಹೆಚ್ಚಿನ ಕೆಲಸ ಹಡಗು ಹತ್ತುವುದು. ಓಡುತ್ತಿರುವ ಹಡಗಿನ ಪಕ್ಕಕ್ಕೆ ರಬ್ಬರ್ ದೋಣಿ ತಾಗಿಸಿ, ಉದ್ದನೆಯ ಕೋಲಿನಿಂದ ಕೊಕ್ಕೆ ಏಣಿ ಸಿಕ್ಕಿಸಿ, ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣ ನೋಡಿ ಏಣಿ ಹಿಡಿಯಬೇಕು. ಅಲೆ ಇಳಿದಾಗ ಹಿಡಿದವನು ದೋಣಿಗೂ ಹಡಗಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತಾನೆ. ಇಲ್ಲವೇ ಹೆಲಿಕಾಪ್ಟರಿನಿಂದ ದಪ್ಪ ಹಗ್ಗ ಹಿಡಿದು ಜಾರುವುದು. 2024ರ ಮಾರ್ಚ್ 16ರಂದು ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ, ಸೊಮಾಲಿ ಕಡಲುಗಳ್ಳರು ಹಿಡಿದಿದ್ದ ರುಯೆನ್ ಹಡಗಿನ ಬಳಿ ಸಿ-17 ವಿಮಾನ ಕಮಾಂಡೊಗಳನ್ನೂ ಅವರ ದೋಣಿಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸಿತು. ಐಎನ್‌ಎಸ್ ಕೋಲ್ಕತಾ ಮೊದಲೇ ಅಡ್ಡ ನಿಂತಿತ್ತು. 35 ಕಡಲುಗಳ್ಳರು ಶರಣಾದರು, 17 ಸಿಬ್ಬಂದಿ ಬದುಕಿದರು.

ಭಟ್ಕಳ, ಹೊನ್ನಾವರ, ಕುಮಟಾ ಎಂಬ ನಮ್ಮ ಮೂರು ತಾಲೂಕುಗಳಿಗೆ ನೌಕಾಪಡೆಯ ಕೆಲಸದ ಬಿಸಿ ತಟ್ಟುವುದು ಎರಡು ಕಡೆ. ಒಂದು ನೇತ್ರಾಣಿ, ಹಳಬರ ಪಾರಿವಾಳ ಗುಡ್ಡ. ನೌಕಾಪಡೆ ಬಹುಕಾಲದಿಂದ ಅದನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಹವಳ, ಬಿಳಿಹೊಟ್ಟೆಯ ಕಡಲಹದ್ದು, ಮೀನುಗಾರರು ಹರಕೆ ತೀರಿಸುವ ಜಟಗ ಎಲ್ಲ ಇರುವ ಜಾಗಕ್ಕೇ ಗುಂಡು ಹಾರಿಸಬೇಕೇ ಎಂಬ ಪರಿಸರದವರ ಪ್ರಶ್ನೆ ನನಗೂ ನ್ಯಾಯವೇ ಅನಿಸುತ್ತದೆ. ಇನ್ನೊಂದು 2008ರ ನವೆಂಬರ್ 26ರ ನಂತರದ ಕಾವಲು. ಅಂದು ಮುಂಬೈಗೆ ಬಂದ ಹತ್ತು ಜನ ಮಾಡಿದ್ದೂ ಇದೇ ವಿದ್ಯೆಯ ದುರುಪಯೋಗ: ಪೋರಬಂದರಿನ ಮೀನುಗಾರಿಕಾ ಬೋಟು ಅಪಹರಿಸಿ, ಕೊನೆಯ ಪಟ್ಟಿಯನ್ನು ರಬ್ಬರ್ ದೋಣಿಯಲ್ಲಿ ದಾಟಿ, ಕೋಳಿ ಸಮುದಾಯದ ಮೀನುಗಾರರ ಕೇರಿಯ ದಡಕ್ಕೆ ಇಳಿದದ್ದು. ಅವರನ್ನು ಮೊದಲು ಕಂಡು, ಯಾರಪ್ಪಾ ನೀವು ಎಂದು ಕೇಳಿದವರು ಅಲ್ಲಿನ ಮೀನುಗಾರರೇ. ಆಮೇಲೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿರುವ ಕರಾವಳಿ ಕಾವಲು ಪೊಲೀಸ್ ಠಾಣೆಗಳ ಕೆಲಸಕ್ಕೆ ಮಹತ್ವ ಬಂತು, ನೌಕಾನೆಲೆಗಳ ರಕ್ಷಣೆಗೆ ಸಾಗರ ಪ್ರಹರಿ ಬಲ ಬಂತು, ‘ಸಾಗರ ಕವಚ’ ಅಣಕು ಕಾರ್ಯಾಚರಣೆ ಶುರುವಾಯಿತು. ಅದರಲ್ಲಿ ಒಂದು ತಂಡ ನುಸುಳುಕೋರರ ವೇಷದಲ್ಲಿ ಸಮುದ್ರದಿಂದ ಬರುತ್ತದೆ, ಉಳಿದವರು ಹಿಡಿಯಬೇಕು. ಹೆದ್ದಾರಿಯಲ್ಲಿ ಇದ್ದಕ್ಕಿದ್ದಂತೆ ನಾಕಾಬಂದಿ ಕಂಡರೆ ಗಾಬರಿ ಬೇಡ, ಅದೇ ಇರಬಹುದು.

ಮೊಗೇರ, ಖಾರ್ವಿ, ಹರಿಕಂತ್ರ, ಅಂಬಿಗ, ದಾಲ್ಜಿ ಕೇರಿಗಳ ಹುಡುಗರು ಈ ಪಡೆಗೆ ಸೇರುವುದು ಹೇಗೆ ಎಂದು ಕೇಳುವುದುಂಟು. ಹೊರಗಿನಿಂದ ನೇರ ನೇಮಕಾತಿ ಇಲ್ಲ. ಮೊದಲು ನಾವಿಕನಾಗಿಯೋ ಅಧಿಕಾರಿಯಾಗಿಯೋ ನೌಕಾಪಡೆ ಸೇರಬೇಕು, ನಂತರ ತಾನಾಗಿ ಮುಂದೆ ಬರಬೇಕು. ಬಂದವರಲ್ಲಿ ಹೆಚ್ಚಿನವರು ಮೊದಲ ಪರೀಕ್ಷೆಗಳಲ್ಲೇ ಹೊರಬೀಳುತ್ತಾರೆ. ನಿದ್ದೆಗೆಡಿಸಿ, ಹೊರೆ ಹೊರಿಸಿ, ಕೆಸರಿನಲ್ಲಿ ತೆವಳಿಸಿ, ಸುಸ್ತಾದ ಕೈಯಿಂದಲೇ ಗುರಿ ಹೊಡೆಸುತ್ತಾರೆ. ಉಳಿದವರಿಗೆ ಕೊಚ್ಚಿಯಲ್ಲಿ ಮುಳುಗುವ ತರಬೇತಿ, ಆಗ್ರಾದಲ್ಲಿ ಪ್ಯಾರಾಚೂಟಿನ ತರಬೇತಿ. ಅಳಿವೆಯಲ್ಲಿ ಈಜಿ ಬೆಳೆದವನಿಗೆ ನೀರಿನ ಹೆದರಿಕೆ ಇಲ್ಲ ಎನ್ನುವುದು ದೊಡ್ಡ ಬಂಡವಾಳವೇ. ಆದರೆ ಕೈಕಾಲು ಕಟ್ಟಿ ನೀರಿಗೆ ತಳ್ಳಿದಾಗ ತಲೆ ಕೆಡಿಸಿಕೊಳ್ಳದಿರುವುದನ್ನು ಹೊಸದಾಗಿಯೇ ಕಲಿಯಬೇಕು.

ಪಡೆ ಸೇರದವರಿಗೂ ಕೆಲಸ ಇದೆ. ಗುರುತಿಲ್ಲದ ದೋಣಿ ಕಂಡರೆ ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕರೆ ಕೋಸ್ಟ್ ಗಾರ್ಡಿನ 1554. ಕರೆ ಮಾಡಿದಾಗ ದೋಣಿಯ ಬಣ್ಣ, ನೋಂದಣಿ ಸಂಖ್ಯೆ, ಅದರಲ್ಲಿರುವ ಜನ, ಹೋಗುತ್ತಿರುವ ದಿಕ್ಕು ಹೇಳಿ. ಜಿಪಿಎಸ್ ಇಲ್ಲದ ನಾಡದೋಣಿಯವರಾದರೆ ದಡದ ಯಾವ ಗುರುತಿನ ಎದುರು ಇದ್ದೀರಿ, ಮುರ್ಡೇಶ್ವರದ ಗೋಪುರವೋ, ಬಸವರಾಜದುರ್ಗವೋ, ಧಾರೇಶ್ವರದ ಗುಡ್ಡವೋ, ಅಷ್ಟು ಹೇಳಿದರೂ ಗಸ್ತಿನ ಬೋಟು ಬರುತ್ತದೆ.